ಮೂಗುದಾರ ಮತ್ತು ಭುಜ: ನಿಂತೇ ಹಾಕುವ ಪಟ್ಟಿನ ಇತಿಹಾಸ

ಭಾಗ 1 | ಇದು ಯಾರ ಪಟ್ಟು?

ರೀಲ್ಸ್‌ನ್ಯಾಗ ಈ ದೃಶ್ಯ ನೀವು ನೋಡೇ ಇರ್ತೀರಿ. ಎಂಎಂಎ ಪಂಜರದೊಳಗ ಇಬ್ಬರು ನಿಂತಾರ. ಒಬ್ಬ ಹಿಂದಿನಿಂದ ಬಂದು ಇನ್ನೊಬ್ಬನ ಸೊಂಟ ಕಟ್ಟಿ ಹಿಡಿದಾನ. ಇನ್ನೇನು ಎತ್ತಿ ಒಗೀತಾನ ಅನ್ನೂದ್ರಾಗ, ಮುಂದ ಇದ್ದವ ಆ ಹಿಡಿದ ಕೈಯನ್ನೇ ಹಿಡಿದು ತಿರುಚ್ತಾನ. ಎತ್ತಾಕ ಬಂದವನೇ ತಿರುಗಿ ನೆಲಕ್ಕ ಬೀಳ್ತಾನ. ಕೆಳಗ ಹೆಸರು ಬರೆದಿರ್ತಾರ: "ಸ್ಟ್ಯಾಂಡಿಂಗ್ ಕಿಮುರಾ".

ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಕಡೆ ಜಾತ್ರೆ ಅಂದ್ರ ಕುಸ್ತಿ ಇರಲೇಬೇಕು. ಹಲಗಿ ಸಪ್ಪಳ ಕೇಳಿ ಬೆಳೆದವರು ನಾವು. ಹಂಗಾಗಿ ಇಂಥ ವಿಡಿಯೋ ಬಂದ ಕೂಡಲೇ ಕ್ಲಾಸ್‌ನ್ಯಾಗ ಎರಡು ಪಾರ್ಟಿ ಆಗ್ತಾವ. ಒಂದು ಪಾರ್ಟಿ, "ಇದು ಬ್ರೆಜಿಲ್‌ದು, ಜಪಾನಿಂದು" ಅಂತೈತಿ. ಇನ್ನೊಂದು, "ಏ ಬಿಡಲೇ, ಇದೆಲ್ಲ ನಮ್ಮ ಗರಡಿಯೊಳಗ ಮೊದಲಿಂದ ಐತಿ" ಅಂತೈತಿ.

ಎರಡೂ ಪಾರ್ಟಿಯವರಿಗೆ ಈ ಸರಣಿ. ಓದಿ ನೋಡಿದ ಮ್ಯಾಲ ನನಗ ಅನ್ನಿಸಿದ್ದು ಇಷ್ಟು: ತೋಳು ಎಲ್ಲಾ ದೇಶದಾಗೂ ಒಂದೇ ಥರ ತಿರುಗತೈತಿ, ಒಂದೇ ಥರ ನೋಯ್ತೈತಿ. ಊರಿಂದ ಊರಿಗೆ ಬದಲಾಗಿದ್ದು "ಸೋಲು ಅಂದ್ರ ಏನು?" ಅನ್ನೋ ಪ್ರಶ್ನೆಗೆ ಸಿಕ್ಕ ಉತ್ತರ. ಆ ಉತ್ತರ ಬದಲಾದಂಗ ಪಟ್ಟಿನ ಕೆಲಸವೂ ಬದಲಾಯ್ತು. ಹನ್ನೊಂದು ಭಾಗ ಅದಾವ, ಸಾವಕಾಶ ಓದ್ರಿ.

ಭಾಗ 2 | ಭುಜ ಅನ್ನೋ ಸಡಿಲ ಕೀಲು

ಇತಿಹಾಸಕ್ಕ ಹೋಗೂಕಿಂತ ಮೊದಲು ದೇಹ ತಿಳ್ಕೊಳ್ಳೋಣ.

ನಮ್ಮ ಮೈಯಾಗ ಎಲ್ಲಾ ದಿಕ್ಕಿಗೂ ಅತಿ ಹೆಚ್ಚು ತಿರುಗುವ ಕೀಲು ಭುಜದ್ದು. ತೊಡೆಯ ಕೀಲಿನೊಳಗೆ ಎಲುಬಿನ ಗುಂಡು ಆಳವಾದ ಬಟ್ಟಲಿನಲ್ಲಿ ಕೂತಿರುತ್ತದೆ. ಭುಜದೊಳಗೆ ಹಾಗಿಲ್ಲ. ಚಹಾದ ಬಸಿ ಮ್ಯಾಲ ಲಿಂಬಿಹಣ್ಣು ಇಟ್ಟಂಗ ಐತಿ. ಗುಂಡು ದೊಡ್ಡದು, ಬಸಿ ಸಣ್ಣದು. ಅದು ಜಾರದ ಹಾಗೆ ಹಿಡಿದಿರುವುದು ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳು ಮತ್ತು ಕೆಲವು ಕಟ್ಟುಗಳು. ಅದಕ್ಕೇ ನಾವು ಬಾಲ್ ಒಗೀಬಹುದು, ಕೊಡ ಹೊರಬಹುದು, ಬೆನ್ನೂ ಕೆರಕೋಬಹುದು. ದೇಹದಲ್ಲಿ ಅತಿ ಹೆಚ್ಚು ಸಲ ತಪ್ಪುವ ದೊಡ್ಡ ಕೀಲು ಇದೇ ಆಗಿರುವುದಕ್ಕೂ ಇದೇ ಕಾರಣ.

ಈಗ ಪಟ್ಟು ನೋಡ್ರಿ. ಎದುರಾಳಿಯ ಮೊಣಕೈ ಮಡಚಿದೆ. ನೀವು ಒಂದು ಕೈಯಿಂದ ಅವನ ಮಣಿಕಟ್ಟು ಹಿಡೀತೀರಿ. ಇನ್ನೊಂದು ಕೈಯನ್ನ ಅವನ ತೋಳಿನ ಮೇಲಿಂದ ಸುತ್ತಿ ತಂದು ನಿಮ್ಮದೇ ಮಣಿಕಟ್ಟು ಹಿಡೀತೀರಿ. ಅವನ ಮುಂಗೈ ಈಗ ಪಾನಾ ಇದ್ದಂಗ. ಟ್ರ್ಯಾಕ್ಟರ್ ಗಾಲಿಯ ನಟ್ ಬಿಚ್ಚುವಾಗ ಪಾನಾ ಉದ್ದ ಇದ್ದಷ್ಟು ಶಕ್ತಿ ಕಡಿಮೆ ಸಾಕು, ಹೌದಲ್ಲ? ಮಣಿಕಟ್ಟನ್ನ ಅವನ ಬೆನ್ನಿನ ಕಡೆ ಸ್ವಲ್ಪ ಒಯ್ದರೆ, ಮೇಲಿನ ತೋಳಿನ ಎಲುಬು ಕೀಲಿನೊಳಗೇ ಹೊರಳುತ್ತದೆ.

ಅದಕ್ಕೊಂದು ಮಿತಿ ಇದೆ. ಆ ಮಿತಿ ಮುಟ್ಟಿದಾಗ ಮನುಷ್ಯನ ಮುಂದೆ ಎರಡೇ ದಾರಿ. ತೋಳು ಹೋದ ಕಡೆ ಇಡೀ ಮೈಯನ್ನೂ ಕಳಿಸಬೇಕು, ಇಲ್ಲಾ ಕೀಲು ಕಳಕೋಬೇಕು. ಮೈ ಬುದ್ಧಿವಂತ, ತಾನೇ ಹೋಗ್ತೈತಿ. ನಿಂತಿದ್ದಾಗ ಇದು ಆದರೆ ಅದೇ ಎಸೆತ.

ದೀಪಾವಳಿ ಆದಮ್ಯಾಲ ಹೋರಿ ಹಬ್ಬ ನೋಡಿದವರಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ. ಅಷ್ಟು ದೊಡ್ಡ ಹೋರಿಯನ್ನ ಯಾರೂ ದೂಡಿ ತಿರುಗಿಸೂದಿಲ್ಲ. ಮೂಗುದಾರ ಹಿಡಿದು ಮುಖ ತಿರುಗಿಸ್ತಾರ, ಮೈ ಹಿಂದ ಬರ್ತೈತಿ. ನಿಂತ ಮನುಷ್ಯನಿಗೆ ತಿರುಚಿದ ಭುಜವೇ ಮೂಗುದಾರ.

ಭಾಗ 3 | ಹಾನಗಲ್ಲ ಅಂದ್ರ ವಿರಾಟನ ಊರು

ನಮ್ಮ ಸೀಮೆಯ ಕುಸ್ತಿಯ ನೆನಪು ಶುರು ಆಗೂದು ಪುರಾಣದಿಂದ. ಹಾನಗಲ್ಲನ್ನ ಹಳೆಯ ಶಾಸನಗಳು ಪಾನುಂಗಲ್ ಅಂತ ಕರೀತಾವ. ವಿರಾಟನ ಕೋಟೆ, ವಿರಾಟನಗರಿ ಅನ್ನೋ ಹೆಸರೂ ಈ ಊರಿಗೆ ಇತ್ತು. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಅಂತ ಜನರ ನಂಬಿಕೆ. ಊರ ಹತ್ತಿರದ ದಿಬ್ಬಕ್ಕೆ ಕುಂತಿಯ ಹೆಸರು ಅಂಟಿಕೊಂಡಿರುವುದೂ ಅದೇ ನಂಬಿಕೆಯಿಂದ.

ವಿರಾಟಪರ್ವದಲ್ಲಿ ಭೀಮ ಅಡುಗೆಯವನ ವೇಷದಲ್ಲಿ ಇರ್ತಾನ. ಹಬ್ಬದ ದಿನ ಜೀಮೂತ ಅನ್ನೋ ಮಲ್ಲ ಬಂದು ಅರಮನೆಯ ಎಲ್ಲಾ ಮಲ್ಲರನ್ನೂ ಕರೀತಾನ. ಯಾರೂ ಮುಂದ ಬರೂದಿಲ್ಲ. ಕಡೀಕ ರಾಜ ಅಡುಗೆಯವನನ್ನೇ ಕಣಕ್ಕ ಇಳಿಸ್ತಾನ. ಭೀಮ ಅವನನ್ನ ಎತ್ತಿ ತಿರುಗಿಸಿ ಮುಗಿಸ್ತಾನ. ಮುಂದ ರಾತ್ರಿ ನೃತ್ಯಶಾಲೆಯೊಳಗ ಕೀಚಕನ ಜೊತೆ ಬರಿಗೈ ಕಾಳಗ. ಅದಕ್ಕೂ ಮೊದಲು, ಸಭಾಪರ್ವದಲ್ಲಿ, ಜರಾಸಂಧನ ಜೊತೆಗಿನ ಮಲ್ಲಯುದ್ಧ.

ಪುರಾಣದ ಕುಸ್ತಿ ಮತ್ತು ಜಾತ್ರೆಯ ಕುಸ್ತಿ ಒಂದೇ ಅಂತ ತಿಳೀಬ್ಯಾಡ್ರಿ. ಮಹಾಭಾರತದ ಈ ಮೂರೂ ಕಾಳಗ ಮುಗಿಯುವುದು ಎದುರಾಳಿಯ ಸಾವಿನಲ್ಲಿ. ಅಲ್ಲಿ ಕೈಕಾಲು ಮುರಿಯುವುದು ಗೆಲುವಿಗೆ ಹೋಗುವ ದಾರಿ. ಜಾತ್ರೆಯ ಕಣದಲ್ಲಿ ಸೋತವನು ಎದ್ದು, ಮಣ್ಣು ಜಾಡಿಸಿಕೊಂಡು, ಗೆದ್ದವನನ್ನ ಅಪ್ಪಿಕೊಂಡು ಮನೆಗೆ ಹೋಗ್ತಾನ. ಆ ಮಲ್ಲಯುದ್ಧದಿಂದ ಈ ಕುಸ್ತಿಗೆ ಬರುವ ನಡುವೆ ನಮ್ಮವರು ಏನೋ ಒಂದು ದೊಡ್ಡ ನಿರ್ಧಾರ ಮಾಡ್ಯಾರ. ಅದನ್ನೇ ಹುಡುಕ್ತಾ ಮುಂದ ಹೋಗೋಣ.

ಭಾಗ 4 | ರಾಜನೇ ಬರೆದ ಪುಸ್ತಕ

12ನೇ ಶತಮಾನ. ಕಲ್ಯಾಣದ ಚಾಲುಕ್ಯರ ಕಾಲ. ಹಾನಗಲ್ಲ ಸುತ್ತಲಿನ ನಾಡಿಗೆ ಆಗ ಪಾನುಂಗಲ್ ಐನೂರು ಅಂತ ಹೆಸರು. ಚಾಲುಕ್ಯರ ಕೈಕೆಳಗೆ ಹಾನಗಲ್ಲ ಕದಂಬರು ಆಳ್ತಿದ್ದರು. ಇವತ್ತು ನಾವು ಹೋಗಿ ಸೆಲ್ಫಿ ತೆಗೆದುಕೊಳ್ಳುವ ತಾರಕೇಶ್ವರ ಗುಡಿ, ಅದರ ಕಮಲದ ಛತ್ತು, ಎಲ್ಲಾ ಅದೇ ಕಾಲಘಟ್ಟದ ಕೆಲಸ.

ಆಗ ಕಲ್ಯಾಣದಲ್ಲಿ ಆಳುತ್ತಿದ್ದ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಅನ್ನೋ ದೊಡ್ಡ ಸಂಸ್ಕೃತ ಗ್ರಂಥ ಬರೆದ. ನೂರು ಅಧ್ಯಾಯದ ಪುಸ್ತಕ. ಅಡಿಗೆ, ಆನೆ, ಸಂಗೀತ, ಬೇಟೆ, ಔಷಧ, ಎಲ್ಲಾ ಅದರಾಗ ಐತಿ. ಅದರೊಳಗೆ ಒಂದು ಅಧ್ಯಾಯ 'ಮಲ್ಲವಿನೋದ'. ಪೂರ್ತಿ ಕುಸ್ತಿಯ ಬಗ್ಗೆ!

ಅದರ ಪ್ರಕಾರ ಮಲ್ಲರಲ್ಲಿ ದರ್ಜೆಗಳಿದ್ದವು: ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ. ವಯಸ್ಸು, ಗಾತ್ರ, ಶಕ್ತಿ ನೋಡಿ ವಿಂಗಡಿಸ್ತಿದ್ದರು. ಈಗಿನ ತೂಕದ ವಿಭಾಗ ಇದ್ದಂಗ ಅನ್ನಬಹುದು. ಮಲ್ಲರು ಏನು ತಿನ್ನಬೇಕು ಅಂತಲೂ ಬರೆದದೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿತಿಂಡಿ. ಇಷ್ಟನ್ನೂ ರಾಜನೇ ಒದಗಿಸಬೇಕು. ಡಯಟ್ ಪ್ಲಾನ್‌ಗೆ ರಾಜನ ಸ್ಪಾನ್ಸರ್‌ಶಿಪ್ ಅಂದ್ರ ಇದೇ.

ಪಟ್ಟುಗಳ, ವ್ಯಾಯಾಮಗಳ ಹೆಸರನ್ನೂ ಸೋಮೇಶ್ವರ ಕೊಟ್ಟಾನ. ಆದರ ಆ ಪಟ್ಟು ಹೆಂಗ ಹಾಕಬೇಕು, ಯಾವ ಕೈ ಎಲ್ಲಿ ಇರಬೇಕು ಅಂತ ಬಿಡಿಸಿ ಹೇಳಿಲ್ಲ. ಆ ಕಾಲದ ಓದುಗರಿಗೆ ಅದು ಬೇಕಾಗಿರಲಿಲ್ಲ ಅಂತ ಕಾಣ್ತೈತಿ. ಹೆಸರು ಹೇಳಿದರೆ ಸಾಕು, ಕಣದಲ್ಲಿ ತೋರಿಸುವವರು ಇದ್ದರು. ಒಂಬೈನೂರು ವರ್ಷ ಆದಮೇಲೆ ನಮ್ಮ ಕೈಯಲ್ಲಿ ಹೆಸರು ಉಳಿದಾವ, ತೋರಿಸುವವರು ಇಲ್ಲ. ಈ ಮಾತು ನೆನಪಿಟ್ಕೊಳ್ರಿ, ಕಡೀ ಭಾಗದಾಗ ಮತ್ತ ಬೇಕಾಗ್ತೈತಿ.

ಭಾಗ 5 | ಜಟ್ಟಿ: ಕೀಲು ತಪ್ಪಿಸುವವರು, ಕೀಲು ಕೂಡಿಸುವವರು

"ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ" ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಆ ಜಟ್ಟಿ ಅನ್ನೋ ಪದ ಸಂಸ್ಕೃತದ 'ಜ್ಯೇಷ್ಠಿ'ಯಿಂದ ಬಂದದ್ದು. ಹಿಂದಿನ ಭಾಗದಾಗ ಓದಿದ 'ಜ್ಯೇಷ್ಠಿಕ' ನೆನಪಾಯ್ತಾ? ಚಾಲುಕ್ಯರ ಆಸ್ಥಾನದ ಮಾತು ನಮ್ಮ ಗಾದೆಯೊಳಗ ಇನ್ನೂ ಉಸಿರಾಡ್ತಾ ಐತಿ.

ಮೈಸೂರಿನಲ್ಲಿ ಜಟ್ಟಿ ಮನೆತನದವರು ಇವತ್ತಿಗೂ ವಿಜಯದಶಮಿಯ ಬೆಳಿಗ್ಗೆ ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ವಜ್ರಮುಷ್ಟಿ ಕಾಳಗ ಆಡ್ತಾರ. ತಲೆ ಬೋಳಿಸಿ, ಬೆರಳಿಗೆ ಚೂಪಾದ ಮುಷ್ಟಿ ಆಯುಧ ಹಾಕಿಕೊಂಡು ಹೊಡೆದಾಟ. ಒಬ್ಬನ ತಲೆಯಿಂದ ರಕ್ತ ಹನಿ ಬಿದ್ದ ತಕ್ಷಣ ಕಾಳಗ ನಿಲ್ಲುತ್ತದೆ. ಅಲ್ಲಿಗೆ ಮುಗೀತು. ಟಿಪ್ಪು ಕಾಲದಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಅನ್ನೋ ಇಂಗ್ಲಿಷಿನವನು ಜಟ್ಟಿಗಳ ಕಾಳಗ ನೋಡಿ ಬರೆದಿಟ್ಟಿದ್ದಾನೆ. ಅವನ ಪುಸ್ತಕ 1824ರಲ್ಲಿ ಅಚ್ಚಾಯ್ತು.

ಇಲ್ಲಿ ಎರಡು ವಿಷಯ ಗಮನಿಸ್ರಿ. ಒಂದು, ಅಷ್ಟು ಭಯಂಕರ ಆಯುಧ ಇದ್ದರೂ ಕಾಳಗಕ್ಕೆ ಒಂದು ಗೆರೆ ಇದೆ. ಎರಡು, ಜಟ್ಟಿಗಳಿಗೆ ಇನ್ನೊಂದು ಹೆಸರೂ ಇತ್ತು: ಉಳುಕು ತೆಗೆಯುವವರು, ಎಣ್ಣೆ ತಿಕ್ಕಿ ನರದ ನೋವು ಇಳಿಸುವವರು, ತಪ್ಪಿದ ಕೀಲು ನೋಡುವವರು. ಕೀಲು ಯಾವ ದಿಕ್ಕಿಗೆ ಹೊರಳಿದ್ರ ತಪ್ಪತೈತಿ ಅಂತ ಗೊತ್ತಿದ್ದವರಿಗೇ, ಯಾವ ದಿಕ್ಕಿಗೆ ಹೊರಳಿಸಿದ್ರ ಕೂಡತೈತಿ ಅಂತಲೂ ಗೊತ್ತಿರತೈತಿ. ಪಟ್ಟು ಮತ್ತು ಔಷಧ ಒಂದೇ ಮನೆಯೊಳಗ ಇದ್ದವು.

ಭಾಗ 6 | ನಮ್ಮ ಗರಡಿಯ ಲೆಕ್ಕ

ಈಗ ನಮ್ಮ ಕಡೆಯ ಗರಡಿಗೆ ಬರ್ರಿ. ಕೆಂಪು ಮಣ್ಣು, ಅದಕ್ಕ ಎಣ್ಣೆ, ಅರಿಷಿಣ, ಮಜ್ಜಿಗೆ, ಲಿಂಬಿಹಣ್ಣು. ಗ್ವಾಡಿ ಮ್ಯಾಲ ಹನಮಪ್ಪ. ಮೂಲ್ಯಾಗ ಗದೆ, ಜೋಡಿ. ಮೇಲ್ವಿಚಾರಣೆಗೆ ವಸ್ತಾದ. ವಸ್ತಾದ ಅನ್ನೋ ಪದ ಉಸ್ತಾದ್ ಅನ್ನೋದರಿಂದ ಬಂದದ್ದು, ತಾಲೀಮು ಅನ್ನೋದು ಅರಬ್ಬಿ ಮೂಲದ್ದು, ಮಲ್ಲ ಸಂಸ್ಕೃತದ್ದು, ಪಟ್ಟು ಅಚ್ಚ ಕನ್ನಡದ್ದು. ಗರಡಿಯ ಶಬ್ದಕೋಶ ನೋಡಿದರೇ ಎಷ್ಟು ಜನ ಸೇರಿ ಈ ಕಲೆ ಕಟ್ಟ್ಯಾರ ಅಂತ ತಿಳೀತೈತಿ. ಮೇಲಿನ ಕಡೆ ಕೊಲ್ಲಾಪುರದ ಪ್ರಭಾವವೂ ದೊಡ್ಡದು. ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ 1912ರದ್ದು. ಉತ್ತರ ಕರ್ನಾಟಕದ ಎಷ್ಟೋ ಪೈಲ್ವಾನರು ಕೊಲ್ಲಾಪುರದ ತಾಲೀಮುಗಳಲ್ಲೇ ಪಳಗಿದವರು.

ಮಣ್ಣಿನ ಕುಸ್ತಿಯ ನಿಯಮ ಒಂದೇ ಸಾಲಿನದ್ದು: ಬೆನ್ನು ಮಣ್ಣಿಗೆ ತಾಗಬೇಕು. ಅದೇ ಚಿತ್. ಜಂಗಿ ನಿಕಾಲಿ ಕುಸ್ತಿ ಅಂತ ಪೋಸ್ಟರ್‌ನಾಗ ಹಾಕ್ತಾರಲ್ಲ, ಅದರ ಅರ್ಥ ಫಲಿತಾಂಶ ಬರೂತನಕ ಆಡಬೇಕು ಅಂತ. ವೀಳ್ಯಕ್ಕ ಹೆಸರಾದ ಸವಣೂರ ಸೀಮೆಯವರಿಗೆ 'ರಣವೀಳ್ಯ' ಅನ್ನೋ ಮಾತು ಬಿಡಿಸಿ ಹೇಳಬೇಕಿಲ್ಲ. ಕಣದೊಳಗ ಕರೆದದ್ದಾಯ್ತು ಅಂದ್ರ ನಿಕಾಲಿ ಆಗಲೇಬೇಕು.

ಆದರ ಈ ನಿಯಮದೊಳಗ ಒಂದು ಗುಟ್ಟು ಐತಿ. ಚಿತ್ ಒಂದೇ ಗೆಲುವು ಆದ್ರ, ಎದುರಾಳಿಯ ಭುಜ ಮುರಿದ್ರೂ ನಿಮಗ ಬೆಳ್ಳಿ ಕಡ ಸಿಗೂದಿಲ್ಲ! ತೋಳು ತಿರುಚೂದು ಗೆಲುವಲ್ಲದ ಮ್ಯಾಲ, ಅದು ಗೆಲುವಿಗೆ ಹೋಗುವ ಮೆಟ್ಟಿಲಾಗಿ ಉಳೀತು. ಧೋಬಿ ಪಛಾಡ ನೋಡ್ರಿ. ಎದುರಾಳಿಯ ತೋಳನ್ನ ಹೆಗಲ ಮೇಲೆ ಎಳೆದುಕೊಂಡು, ಬೆನ್ನು ತಿರುಗಿಸಿ, ಅಗಸರು ಬಟ್ಟೆ ಒಗೆದಂಗ ಎತ್ತಿ ಒಗೀತಾರ. ಢಾಕ ನೋಡ್ರಿ. ತೋಳು ಕಟ್ಟಿ ಹಿಡಿದು ಸೊಂಟದ ಮೇಲೆ ತಿರುಗಿಸ್ತಾರ. ಎರಡರಲ್ಲೂ ತೋಳು ಸಿಕ್ಕಿಹಾಕಿಕೊಂಡದ, ಭುಜ ಹಿಡಿತಕ್ಕೆ ಬಂದದ. ಆದರ ಪೈಲ್ವಾನನ ಕಣ್ಣು ಇರೂದು ಎದುರಾಳಿಯ ಬೆನ್ನಿನ ಮ್ಯಾಲ. ತೋಳು ಅವನಿಗೆ ಮೂಗುದಾರ ಮಾತ್ರ.

ಭಾಗ 3ರಾಗ ಕೇಳಿದ ಪ್ರಶ್ನೆಗೆ ಉತ್ತರ ಇದೇ ಅಂತ ನನ್ನ ಎಣಿಕೆ. ಸಾವಿನ ಜಾಗದಲ್ಲಿ ಬೆನ್ನಿನ ಮಣ್ಣನ್ನ ತಂದು ಇಟ್ಟದ್ದೇ ನಮ್ಮವರ ದೊಡ್ಡ ನಿರ್ಧಾರ. ಬೆಳಿಗ್ಗೆ ಹೊಲಕ್ಕ ಹೋಗಬೇಕಾದ ಹುಡುಗರ ತೋಳು ಉಳಿಸಿ, ಸಂಜೀಕ ಕುಸ್ತಿ ಆಡಿಸುವ ಲೆಕ್ಕ ಅದು.

ಭಾಗ 7 | ಲ್ಯಾಂಕಶೈರ್‌ನ ಗಣಿ ಕೂಲಿಗಳು, ಪಟಿಯಾಲಾದ ಗಾಮಾ

ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ, ಕಲ್ಲಿದ್ದಲ ಗಣಿಯ ಕೂಲಿಕಾರರ ನಡುವೆ 'ಕ್ಯಾಚ್' ಕುಸ್ತಿ ಬೆಳೀತು. ಎಲ್ಲಿ ಸಿಕ್ಕರೆ ಅಲ್ಲಿ ಹಿಡಿ ಅನ್ನೋ ಕುಸ್ತಿ. ಅಲ್ಲೂ ಭುಜ ನೆಲಕ್ಕೆ ಒತ್ತಿದರೆ ಗೆಲುವು. ಜೊತೆಗೆ ನೋವು ತಾಳದೆ ಸೋಲೊಪ್ಪಿದರೂ ಗೆಲುವು. ಈ ಎರಡನೇ ಬಾಗಿಲು ತೆಗೆದ ಕೂಡಲೇ ಪಟ್ಟಿನ ಸ್ವಭಾವ ಬದಲಾಯ್ತು. ನಾವು ಭಾಗ 2ರಲ್ಲಿ ನೋಡಿದ ಹಿಡಿತಕ್ಕೆ ಅವರು ಇಟ್ಟ ಹೆಸರು 'ಡಬಲ್ ರಿಸ್ಟ್ ಲಾಕ್'. ಮೊದಲು ಎದುರಾಳಿಯನ್ನ ಬೆನ್ನಿನ ಮೇಲೆ ಹೊರಳಿಸಲು ಬಳಸು, ಹೊರಳದಿದ್ದರೆ ನೋವಿನಿಂದಲೇ ಒಪ್ಪಿಸು. ಎರಡೂ ಕೆಲಸಕ್ಕ ಒಂದೇ ಕೀಲಿಕೈ.

1910ರಲ್ಲಿ ನಮ್ಮ ಗಾಮಾ ಲಂಡನ್ನಿಗೆ ಹೋದ. ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಎದುರು ಕುಸ್ತಿ. ಗಾಮಾ ಬೇಗನೇ ಅವನನ್ನ ಕೆಳಗೆ ತಂದ. ಜಿಬಿಸ್ಕೊ ಬೆನ್ನು ಕೊಡದೆ ಮ್ಯಾಟ್‌ಗೆ ಅಂಟಿಕೊಂಡು ಎರಡೂವರೆ ಗಂಟೆ ಮೀರಿ ಕಳೆದ. ಪಂದ್ಯ ಸಮ. ಮರುಪಂದ್ಯಕ್ಕ ಜಿಬಿಸ್ಕೊ ಬರಲೇ ಇಲ್ಲ. 1928ರ ಜನವರಿಯಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಮತ್ತೆ ಎದುರಾದರು. ಒಂದು ನಿಮಿಷದೊಳಗೆ ಜಿಬಿಸ್ಕೊ ಚಿತ್!

ಈ ಕಥೆ ನಮಗೆ ಹೆಮ್ಮೆಯದ್ದು, ಖರೆ. ಆದರ ಇನ್ನೊಂದು ಮಾತೂ ಅದರಾಗ ಐತಿ. ಬೆನ್ನು ಕೊಡದೆ ಅಂಟಿಕೊಂಡವನನ್ನ ಹೊರಳಿಸುವುದು ಗಾಮಾನಂಥವನಿಗೂ ಎರಡೂವರೆ ಗಂಟೆಯಲ್ಲಿ ಆಗಲಿಲ್ಲ. ಭುಜಕ್ಕೆ ನೋವು ಕೊಟ್ಟು ಹೊರಳಿಸುವ ಪಟ್ಟುಗಳನ್ನ ಕ್ಯಾಚ್‌ನವರು ಅಷ್ಟೊಂದು ಯಾಕೆ ಬೆಳೆಸಿದರು ಅನ್ನೋದು ಇಲ್ಲಿ ಅರ್ಥ ಆಗ್ತೈತಿ.

ಭಾಗ 8 | ಕಿಮುರಾ ಅನ್ನೋ ಹೆಸರು ಎಲ್ಲಿಂದ?

ಜಪಾನಿನಲ್ಲಿ ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಶಾಲೆ ತೆರೆದು, ಹಳೆಯ ಜುಜುತ್ಸುವಿನಿಂದ ಜೂಡೊ ಕಟ್ಟಿದ. ಸಮುರಾಯಿಗಳ ಕಾಲದ ಮುರಿಯುವ ಪಟ್ಟುಗಳನ್ನ ಒಂದೊಂದಾಗಿ ಸ್ಪರ್ಧೆಯಿಂದ ಹೊರಗಿಟ್ಟ. ಕಾಲಕ್ರಮದಲ್ಲಿ ಕೀಲಿನ ಪಟ್ಟು ಮೊಣಕೈಗೆ ಮಾತ್ರ ಅಂತ ನಿಯಮ ಆಯ್ತು. 'ಉದೆ-ಗರಾಮಿ' ಅಂದ್ರ ತೋಳು ಹೆಣೆಯುವ ಪಟ್ಟು. ಅದನ್ನ ಮೊಣಕೈ ಪಟ್ಟು ಅಂತ ಲೆಕ್ಕ ಹಾಕಿ ಉಳಿಸಿಕೊಂಡರು. ಅದರ ಭಾರ ಭುಜಕ್ಕೂ ಬೀಳ್ತೈತಿ ಅನ್ನೂದು ಹಾಕಿಸಿಕೊಂಡವರಿಗೆಲ್ಲಾ ಗೊತ್ತು.

ಮಸಹಿಕೊ ಕಿಮುರಾ ಜಪಾನಿನ ಅತಿ ಬಲಶಾಲಿ ಜೂಡೊ ಪಟು. 1951ರ ಅಕ್ಟೋಬರ್ 23ರಂದು ಬ್ರೆಜಿಲ್‌ನ ರಿಯೊದಲ್ಲಿ, ಮರಕಾನಾ ಕ್ರೀಡಾಂಗಣದಲ್ಲಿ, ಎಲಿಯೊ ಗ್ರೇಸಿ ಜೊತೆ ಅವನ ಪಂದ್ಯ. ಗೆಲುವು ಸೋಲೊಪ್ಪಿಗೆಯಿಂದ ಮಾತ್ರ ಅನ್ನೋ ಕರಾರು. ಕಿಮುರಾ ಅವನನ್ನ ಮತ್ತೆ ಮತ್ತೆ ಎತ್ತಿ ಒಗೆದ. ಚಿತ್ ಲೆಕ್ಕಕ್ಕಿಲ್ಲ, ಪಂದ್ಯ ಮುಗೀಲಿಲ್ಲ. ಕೊನೆಗೆ ನೆಲದ ಮೇಲೆ ಉದೆ-ಗರಾಮಿ ಹಾಕಿದ. ಎಲಿಯೊನ ತೋಳು ಮುರಿದರೂ ಅವನು ಸೋಲೊಪ್ಪಲಿಲ್ಲ. ಅವನ ಅಣ್ಣ ಕಾರ್ಲೋಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಿದ.

ಸೋತ ಗ್ರೇಸಿ ಮನೆತನದವರೇ ಆ ಪಟ್ಟಿಗೆ ಗೆದ್ದವನ ಹೆಸರಿಟ್ಟರು. ಅಲ್ಲಿಂದ ಮುಂದೆ ಬ್ರೆಜಿಲ್‌ನಲ್ಲಿ ಅದು 'ಕಿಮುರಾ'. ಎದುರಾಳಿಗೆ ಇಷ್ಟು ದೊಡ್ಡ ಮರ್ಯಾದೆ ಕೊಟ್ಟದ್ದು ಇತಿಹಾಸದಾಗ ಕಡಿಮೆ.

ಈಗ ಭಾಗ 6ರ ಜೊತೆ ಹೋಲಿಸಿ ನೋಡ್ರಿ. ಅದೇ ದಿನ, ಅದೇ ಇಬ್ಬರು, ನಮ್ಮ ಜಾತ್ರೆಯ ನಿಯಮದಲ್ಲಿ ಆಡಿದ್ದರ ಮೊದಲ ಎಸೆತಕ್ಕೇ ಬೆನ್ನು ಮಣ್ಣು ಕಂಡು ಕುಸ್ತಿ ಮುಗೀತಿತ್ತು. ತೋಳು ಉಳೀತಿತ್ತು. 'ಕಿಮುರಾ' ಅನ್ನೋ ಹೆಸರೂ ಹುಟ್ಟತಿರಲಿಲ್ಲ.

ಭಾಗ 9 | ಕರಾಚಿ 1976, ಜಪಾನ್ 2000

ಎರಡು ನಿಯಮ ಒಂದೇ ಕಣದಾಗ ಎದುರಾದ್ರ ಏನಾಗ್ತೈತಿ?

1976ರ ಡಿಸೆಂಬರ್ 12, ಕರಾಚಿ. ಗಾಮಾನ ತಮ್ಮ ಇಮಾಮ್ ಬಕ್ಷನ ಮಗ ಅಕ್ರಮ್ ಪೈಲ್ವಾನ್ ಒಂದು ಕಡೆ. ಜಪಾನಿನ ಆಂಟೊನಿಯೊ ಇನೊಕಿ ಇನ್ನೊಂದು ಕಡೆ. ಇನೊಕಿ ಹಾಕಿದ್ದು ಅದೇ ಡಬಲ್ ರಿಸ್ಟ್ ಲಾಕ್. ಅಕ್ರಮ್ ಬೆಳೆದದ್ದು ಬೆನ್ನು ಮಣ್ಣಿಗೆ ತಾಗೂತನಕ ಬಿಡಬಾರದು ಅನ್ನೋ ಮನೆತನದಲ್ಲಿ. ಕೈ ಬಡಿದು ಸೋಲೊಪ್ಪುವುದು ಆ ಮಣ್ಣಿನ ಪಾಠದಲ್ಲಿ ಇರಲಿಲ್ಲ. ಭುಜ ಹೋಯ್ತು, ಪಂದ್ಯ ಅಲ್ಲಿಗೇ ನಿಂತಿತು. ಮೂರು ವರ್ಷ ಆದಮೇಲೆ, 1979ರಲ್ಲಿ ಲಾಹೋರ್‌ನಲ್ಲಿ, ಅದೇ ಮನೆತನದ ತರುಣ ಝಾರಾ ಇನೊಕಿ ಎದುರು ಐದು ಸುತ್ತು ನಿಂತ. ಕೊನೆಗೆ ಇನೊಕಿಯೇ ಝಾರಾನ ಕೈ ಎತ್ತಿ ಹಿಡಿದ.

ಇನ್ನು ನಾವು ಮೊದಲ ಭಾಗದಲ್ಲಿ ನೋಡಿದ ದೃಶ್ಯ. 2000ದ ಆಗಸ್ಟ್ 27, ಜಪಾನಿನ ಸೈತಾಮಾ ಪ್ರಾಂತ್ಯ, ಪ್ರೈಡ್ 10. ಕಝುಶಿ ಸಕುರಾಬಾ ಕಾಲೇಜು ದಿನಗಳಲ್ಲಿ ಕುಸ್ತಿ ಆಡಿದವನು. ಅವನಿಗೆ ಕ್ಯಾಚ್ ಪಟ್ಟು ಕಲಿಸಿದವರಲ್ಲಿ ಇಂಗ್ಲೆಂಡಿನ ಬಿಲ್ಲಿ ರಾಬಿನ್ಸನ್ ಒಬ್ಬ; ಅಂದ್ರ ಲ್ಯಾಂಕಶೈರ್ ಗಣಿಯವರ ಶಿಷ್ಯಪರಂಪರೆ. ಎದುರಿಗೆ ರೆಂಜೊ ಗ್ರೇಸಿ. ಎರಡನೇ ಸುತ್ತು ಮುಗಿಯೋಕೆ ಕೆಲವೇ ಸೆಕೆಂಡು ಇತ್ತು. ರೆಂಜೊ ಹಿಂದಿನಿಂದ ಹಿಡಿದಿದ್ದ. ಸಕುರಾಬಾ ನಿಂತಲ್ಲೇ ಅವನ ತೋಳಿಗೆ ಕಿಮುರಾ ಕಟ್ಟಿ, ಗಿರ್ರನೆ ತಿರುಗಿ ಕೆಳಗೆ ತಂದ. ಆ ತಿರುಗಿನಲ್ಲೇ ರೆಂಜೊನ ಮೊಣಕೈ ತಪ್ಪಿತು. ಅವನೂ ಕೈ ಬಡಿಯಲಿಲ್ಲ, ರೆಫರಿ ನಿಲ್ಲಿಸಿದ. ಆಮೇಲೆ ಮೈಕ್ ಹಿಡಿದು ಸಕುರಾಬಾನನ್ನ ಹೊಗಳಿದ.

ಇವತ್ತಿನ ಎಂಎಂಎಯಲ್ಲಿ ನಿಂತ ಭುಜದ ಹಿಡಿತಕ್ಕೆ ಮೂರು ಕೆಲಸ. ಒಂದು, ಕಾಲು ಅಥವಾ ಸೊಂಟ ಹಿಡಿಯಾಕ ಬಂದವನನ್ನ ತಡೆಯುವುದು. ಎರಡು, ಹಿಡಿದ ತೋಳನ್ನೇ ಮೂಗುದಾರ ಮಾಡಿ ಎಸೆಯುವುದು. ಮೂರು, ಬಿದ್ದಮೇಲೂ ಹಿಡಿತ ಬಿಡದೆ ಮೇಲೆ ಕೂಡುವುದು. ಮೂರರಲ್ಲೂ ಗೆಲ್ಲೋ ಉದ್ದೇಶಕ್ಕಿಂತ ಮೊದಲು ಬರೂದು ಎದುರಾಳಿಯನ್ನ ತಿರುಗಿಸೋ ಉದ್ದೇಶ. ಅಂದ್ರ ಬ್ರೆಜಿಲ್‌ನಾಗ ಅಂತ್ಯ ಆಗಿದ್ದ ಪಟ್ಟು, ಪಂಜರದೊಳಗ ಬಂದು ಮತ್ತ ಪೈಲ್ವಾನನ ಮೆಟ್ಟಿಲಾಯ್ತು.

ಭಾಗ 10 | ಒಂದು ಭುಜದ ಬೆಲೆ ಎಷ್ಟು?

ಇಲ್ಲಿಯತನಕ ಇತಿಹಾಸ. ಈಗ ನಮ್ಮ ಹಾಸ್ಟೆಲ್ ರೂಮಿನ ಮಾತು. ಯಾಕಂದ್ರ ಈ ಪಟ್ಟನ್ನ ರೀಲ್ಸ್ ನೋಡಿ ಗಾದಿ ಮ್ಯಾಲ ಟ್ರೈ ಮಾಡುವವರು ನಮ್ಮ ನಡುವೆಯೇ ಅದಾರ.

ನಿಯಮ ಮಾಡಿದವರು ಏನಂತಾರ ನೋಡ್ರಿ. ಒಲಿಂಪಿಕ್ ಕುಸ್ತಿಯಲ್ಲಿ ತೋಳನ್ನ 90 ಡಿಗ್ರಿಗಿಂತ ಹೆಚ್ಚು ತಿರುಚುವಂತಿಲ್ಲ. ತೋಳನ್ನ ಬೆನ್ನ ಹಿಂದೆ ಒಯ್ದು ಚೂಪು ಕೋನಕ್ಕೆ ಒತ್ತುವಂತಿಲ್ಲ. ಜೂಡೊದಲ್ಲಿ ಎದುರಾಳಿಯ ತೋಳನ್ನ ಕಂಕುಳಲ್ಲಿ ಲಾಕ್ ಮಾಡಿ ಹಂಗೇ ನೆಲಕ್ಕ ಬಿದ್ದರೆ ನೇರ ಅನರ್ಹ. ಎಂಎಂಎಯಲ್ಲಿ ಬೆರಳು ಹಿಡಿದು ತಿರುಚುವುದು ನಿಷಿದ್ಧ, ಭುಜದ ಲಾಕ್‌ಗೆ ಅವಕಾಶ ಇದೆ. ಆದರೆ ಅಲ್ಲಿ ರೆಫರಿ ಇರ್ತಾನ, ಡಾಕ್ಟರ್ ಇರ್ತಾರ, ಕೈ ಬಡಿದರೆ ಆ ಕ್ಷಣ ಬಿಡಬೇಕು ಅನ್ನೋ ಕಟ್ಟುನಿಟ್ಟು ಇರ್ತದ.

ನಿಂತಾಗ ಹಾಕಿದ ಲಾಕ್ ನೆಲದ್ದಕ್ಕಿಂತ ಅಪಾಯ. ನೆಲದ ಮೇಲೆ ನೋವು ನಿಧಾನ ಏರತೈತಿ, ಕೈ ಬಡಿಯಾಕ ಟೈಮ್ ಸಿಗತೈತಿ. ನಿಂತಾಗ ಇಬ್ಬರ ತೂಕವೂ ಒಂದೇ ಕೀಲಿನ ಮೇಲೆ ಬೀಳ್ತದ, ಅರ್ಧ ಸೆಕೆಂಡೂ ಇರೂದಿಲ್ಲ. ಬಿಡಬೇಕು ಅಂತ ಮನಸ್ಸಿದ್ದರೂ ಬಿಡೂದ್ರಾಗ ಆಗಿ ಹೋಗಿರತೈತಿ. ಯುಎಫ್‌ಸಿ ಕಣದಲ್ಲೇ, 2011ರ ಡಿಸೆಂಬರ್‌ನಲ್ಲಿ, ಫ್ರಾಂಕ್ ಮಿರ್ ಹಾಕಿದ ಕಿಮುರಾಕ್ಕೆ ನೊಗೇರಾನಂಥ ಹಳೇ ಹುಲಿಯ ತೋಳಿನ ಎಲುಬೇ ಮುರೀತು. ಅವರು ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರು.

ಒಮ್ಮೆ ಭುಜ ತಪ್ಪಿತು ಅಂದ್ರ, ವಯಸ್ಸು ಎಷ್ಟು ಸಣ್ಣದೋ ಮತ್ತೆ ತಪ್ಪುವ ಸಾಧ್ಯತೆ ಅಷ್ಟು ಹೆಚ್ಚು. ನಮ್ಮ ನಾಲ್ಕೂ ತಾಲೂಕಿನಾಗ ಎಷ್ಟು ಹುಡುಗರು ಬೆಳಿಗ್ಗೆ ಐದಕ್ಕ ಎದ್ದು ಸೈನ್ಯ ಭರ್ತಿಗೆ, ಪೊಲೀಸ್ ಭರ್ತಿಗೆ ಓಡ್ತಾರ ಅಂತ ನಿಮಗ ಗೊತ್ತು. ಮೇಲಿಂದ ಮೇಲೆ ತಪ್ಪುವ ಭುಜ ಇದ್ದರೆ ಸೈನ್ಯದ ವೈದ್ಯಕೀಯ ಪರೀಕ್ಷೆಯಲ್ಲೇ ಹೊರಗೆ. ಒಂದು ರೀಲ್ಸಿಗಾಗಿ ಇಡೀ ಮನೆಯ ಆಸೆ ಹೋಗಬಾರದು.

ಹಂಗಾಗಿ ನಾಲ್ಕು ಮಾತು. ವಸ್ತಾದ ಅಥವಾ ಕೋಚ್ ಇಲ್ಲದ ಕಡೆ ನಿಂತ ಲಾಕ್ ಬ್ಯಾಡ. ಹಾಕಿದವ ನಿಧಾನ ಹಾಕಬೇಕು, ಹಾಕಿಸಿಕೊಂಡವ ನೋವು ಬರೂಕ್ಕಿಂತ ಮೊದಲೇ ಕೈ ಬಡೀಬೇಕು. ಕೈ ಬಡಿದವನಿಗೆ ನಗಬ್ಯಾಡ್ರಿ. ಅಕಸ್ಮಾತ್ ಭುಜ ತಪ್ಪಿದ್ರ ಎಳೀಬ್ಯಾಡ್ರಿ, ಎಳಿಸಬ್ಯಾಡ್ರಿ. ತೋಳನ್ನ ಹೆಂಗೈತೋ ಹಂಗೇ ಟವೆಲ್‌ನಿಂದ ಕೊರಳಿಗೆ ಕಟ್ಟಿ, ಎಕ್ಸ್‌ರೇ ಇರೋ ಆಸ್ಪತ್ರೆಗೆ ಕರಕೊಂಡು ಹೋಗ್ರಿ.

ಭಾಗ 11 | ಹೆಸರು ಬರೆದಿಡೋಣ

ನಮ್ಮ ಕುಸ್ತಿಪಟುಗಳು ಈಗ ಎಂಎಂಎ ಕಡೆ ಹೊರಟಾರ. ಹರಿಯಾಣದ ಫೋಗಟ್ ಮನೆತನದ ರಿತು 2019ರಲ್ಲಿ ಒನ್ ಚಾಂಪಿಯನ್‌ಶಿಪ್‌ಗೆ ಇಳಿದರು. ಎತ್ತಿ ಕೆಡವೂದ್ರಾಗ ಅವರನ್ನ ಮೀರಿಸುವವರು ಕಡಿಮೆ. 2021ರ ಡಿಸೆಂಬರ್‌ನಲ್ಲಿ ಗ್ರ್ಯಾಂಡ್ ಪ್ರಿ ಫೈನಲ್ ತನಕ ಹೋದರು. ಅಲ್ಲಿ ಥಾಯ್ಲೆಂಡಿನ ಸ್ಟ್ಯಾಂಪ್ ತೋಳಿನ ಲಾಕ್ ಹಾಕಿ ಗೆದ್ದರು. ಕರಾಚಿಯ ಪಾಠವೇ ಮತ್ತೊಮ್ಮೆ: ಚಿತ್ ಮಾಡೂದನ್ನ ಕಲಿತವರು ತೋಳು ಕಾಯೂದನ್ನೂ ಬ್ಯಾರೆಯಾಗಿ ಕಲೀಬೇಕು. ನಾಳೆ ನಮ್ಮ ಕಡೆಯ ಹುಡುಗ, ಹುಡುಗಿ ಯಾರಾದರೂ ಆ ಪಂಜರಕ್ಕ ಇಳಿದ್ರ ಇದು ಉಪಯೋಗಕ್ಕ ಬರಲಿ.

ಇನ್ನು ಭಾಗ 4ರಲ್ಲಿ ನೆನಪಿಟ್ಕೊಳ್ರಿ ಅಂದಿದ್ದ ಮಾತು. ಸೋಮೇಶ್ವರನ ಪುಸ್ತಕದಲ್ಲಿ ಪಟ್ಟಿನ ಹೆಸರಿದೆ, ಚಿತ್ರ ಇಲ್ಲ. ನಮ್ಮದು ಉಲ್ಟಾ ಆಗೇತಿ. ಪ್ರತಿ ಜಾತ್ರೆಯ ಕುಸ್ತಿಯೂ ಫೋನಿನೊಳಗ ಐತಿ, ಆದರ ಯಾವ ಪಟ್ಟಿಗೆ ನಮ್ಮೂರಾಗ ಏನಂತಿದ್ದರು ಅಂತ ಕೇಳಿದ್ರ ಹೇಳುವವರು ಕಡಿಮೆ. ಅದಕ್ಕೇ ಧೋಬಿ ಪಛಾಡ ಆಡುವ ಹುಡುಗನೂ ಕಾಮೆಂಟಿನಾಗ 'ಕಿಮುರಾ' ಅಂತ ಮಾತ್ರ ಬರೀತಾನ.

ಹಂಗಾಗಿ ಒಂದು ಕೆಲಸ. ನಿಮ್ಮೂರಾಗ, ನಿಮ್ಮ ಮನ್ಯಾಗ, ಹಿಂದ ಮಣ್ಣು ಮೆತ್ತಿಕೊಂಡ ಅಜ್ಜ, ಕಾಕಾ, ಮಾವ ಯಾರಾದ್ರೂ ಇದ್ರ ಅವರ ಹತ್ರ ಕೂಡ್ರಿ. "ಅಜ್ಜಾ, ತೋಳು ಹಿಡಿದು ಕೆಡವೋ ಪಟ್ಟಿಗೆ ನೀವು ಏನಂತಿದ್ರಿ?" ಅಂತ ಕೇಳ್ರಿ. ಅವರು ಒಪ್ಪಿದ್ರ ಮಾತ್ರ ವಿಡಿಯೋ ಮಾಡ್ರಿ. ಹೆಸರು, ಊರು, ಯಾವ ಗರಡಿ, ಯಾವ ಕೈ ಮೊದಲು, ಎಲ್ಲಿ ಬಿಡಬೇಕು, ಎಲ್ಲಾ ಬರೆದುಕೊಳ್ರಿ. ಶಿಗ್ಗಾವಿ ತಾಲೂಕಿನ ಗೊಟಗೋಡಿಯೊಳಗ ಜಾನಪದ ವಿಶ್ವವಿದ್ಯಾಲಯವೇ ಐತಿ. ಇಂಥ ಮಾತುಗಳನ್ನ ಕೂಡಿಸಿಡೂದಕ್ಕ ಅದಕ್ಕಿಂತ ಹತ್ತಿರದ ಜಾಗ ನಮಗ ಎಲ್ಲಿ ಸಿಗಬೇಕು?

"ಎಲ್ಲಿ ಬಿಡಬೇಕು" ಅನ್ನೂದನ್ನ ಮಾತ್ರ ಮರೀದೇ ಕೇಳ್ರಿ. ಹಿಡಿಯೂದು ಈಗ ಯಾವ ವಿಡಿಯೋದಾಗ ಬೇಕಾದ್ರೂ ಸಿಗತೈತಿ. ಬಿಡೂದನ್ನ ಹೇಳಿಕೊಡುವವರು ವಸ್ತಾದರು.

ಸಿಕ್ಕ ಹೆಸರನ್ನ ಊರಿನ ಹೆಸರಿನ ಜೊತೆ ಕೆಳಗ ಬರೀರಿ. ಐವತ್ತು ಹೆಸರು ಕೂಡಿದ್ರ ಮುಂದಿನ ಸರಣಿ ಅದರದ್ದೇ.

#ಕುಸ್ತಿ #ಗರಡಿಮನೆ #ಹಾನಗಲ್ಲ #ಶಿಗ್ಗಾವಿ #ಸವಣೂರ #ಹಿರೇಕೆರೂರ #ನಮ್ಮಹಾವೇರಿ #ಪಟ್ಟಿನಇತಿಹಾಸ